ರಾಜಾನಿಗೊಂದು ಜೋಡಿ

ನಮ್ಮ ಮನೆಯಲ್ಲಿರುವುದು ಹಸಿರು ಗಿಣಿ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕಡೆಯ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಪಾಠ ಮಾಡಿ ಮನೆಯಲ್ಲಿ ಗಿಣಿ ಸಾಕಿದರೆ ಹೇಗೆ? ನಮ್ಮದು ಕಾಕಟೀಲ್, ಆಸ್ಟ್ರೇಲಿಯಾ ಮೂಲದ್ದು. ಬೂದು ಮೈ, ಹಳದಿ ಮುಖ, ಗಲ್ಲದ ಮೇಲೆ ಕಿತ್ತಳೆ ಬೊಟ್ಟು, ತಲೆಯ ಮೇಲೊಂದು ಜುಟ್ಟು. ಮನೆಗೆ ಬಂದ ಮರಾಠಿಯವರು 'ಪೋಪಟ್' ಅನ್ನುತ್ತಾರೆ, ಕನ್ನಡದವರು 'ಗಿಣಿ' ಅನ್ನುತ್ತಾರೆ. ರಾಜಾ ಎರಡಕ್ಕೂ ಓಗೊಡುತ್ತಾನೆ. ಅಕ್ಕಲಕೋಟೆ ತಾಲೂಕಿನಲ್ಲಿ ಬದುಕಬೇಕಾದರೆ ಅಷ್ಟು ಬರಲೇಬೇಕಲ್ಲ!

ರಾಜಾ ನಿಜವಾಗಿ ಮಗಳ ಹಕ್ಕಿ. ಕಾಕಟೀಲ್ ಗಂಡು ಮಾತಿಗಿಂತ ಸಿಳ್ಳೆ ಚೆನ್ನಾಗಿ ಕಲಿಯುತ್ತದೆ. ನಮ್ಮ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದ ಒಂದು ಪದದ ಧಾಟಿಯನ್ನು ಮಗಳು ಅದಕ್ಕೆ ಕಲಿಸಿದ್ದಳು. ಅವಳು ಅರ್ಧ ಸಿಳ್ಳೆ ಹಾಕಿದರೆ ಉಳಿದರ್ಧ ರಾಜಾ ಹಾಕುತ್ತಿದ್ದ. ಅವ್ವ ತೀರಿಕೊಂಡ ಮೇಲೂ ಆ ಧಾಟಿ ಮನೆಯಲ್ಲಿ ಉಳಿದದ್ದು ಹೀಗೆ.

ಮಗಳು ಕಲಿಯಲು ಕಲಬುರಗಿಗೆ ಹೋದಳು. ನಾವಿಬ್ಬರೂ ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆಯೇ. ರಾಜಾ ದಿನವಿಡೀ ಒಬ್ಬನೇ. ಮೊದಲು ಕೂಗು ಹೆಚ್ಚಾಯಿತು. ಪಕ್ಕದ ಮನೆಯವರು, "ಏನ್ ಸರ್, ಹಕ್ಕಿ ಒಂದೇ ಸವನೆ ಒದರ್ತದಲ್ಲ" ಎಂದರು. ಆಮೇಲೆ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳತೊಡಗಿದ. ಬೋಳು ಜಾಗ ರೂಪಾಯಿ ಅಗಲ ಆದಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಜೂನ್‌ನಲ್ಲಿ ಸೊಲ್ಲಾಪುರಕ್ಕೆ ಹೋಗಿ ಒಂದು ಹೆಣ್ಣು ತಂದೆವು. ಹೆಣ್ಣಿನ ಮುಖ ಮಂಕು ಬೂದು, ಬಾಲದ ಗರಿಗಳ ಕೆಳಗೆ ಹಳದಿ ಪಟ್ಟೆ. ಮರಿಗಳಾಗಿದ್ದಾಗ ಗಂಡೂ ಹಾಗೇ ಕಾಣುವುದರಿಂದ ಸ್ವಲ್ಪ ದೊಡ್ಡದನ್ನೇ ಆರಿಸಿದೆವು. ಅಂಗಡಿಯವನು, "ಒಂದ ಪಂಜರದಾಗ ಬಿಡ್ರಿ ಸರ್, ಎರಡ ದಿನದಾಗ ತಾವ ಹೊಂದ್ಕೋತಾವ" ಅಂದ. ನಾವೂ ಹಾಗೇ ಮಾಡಿದೆವು.

ಹತ್ತು ನಿಮಿಷವೂ ಆಗಲಿಲ್ಲ. ರಾಜಾ ಜುಟ್ಟು ಹಿಂದಕ್ಕೆ ಅಂಟಿಸಿ, ಬುಸ್ಸೆಂದು ಅದರ ಮೇಲೆ ಬಿದ್ದ. ಅದು ಎಲ್ಲಿಗೆ ಓಡಬೇಕು? ಕಂಬಿಗೆ ಜೋತುಬಿದ್ದಲ್ಲೇ ಕಾಲ್ಬೆರಳು ಕಚ್ಚಿಸಿಕೊಂಡಿತು. ಬಿಡಿಸಿ, ಅರಿಶಿನ ಒತ್ತಿ ಹಿಡಿದೆವು. ಅಷ್ಟು ಪುಟ್ಟ ಮೈಯಲ್ಲಿ ಎದೆ ಹೊಡೆದುಕೊಳ್ಳುವುದು ಅಂಗೈಗೆ ತಿಳಿಯುತ್ತಿತ್ತು. ಊರಿಂದ ಊರಿಗೆ ಬಂದ ಹೊಸ ಹುಡುಗನನ್ನು ಮೊದಲ ದಿನವೇ ವರ್ಗದ ನಡುವೆ ನಿಲ್ಲಿಸಿ "ಹೆಸರು ಹೇಳಪ್ಪ" ಎಂದು ಗದರುವ ನಮ್ಮ ಅಭ್ಯಾಸ ಆಗ ನೆನಪಾಯಿತು. ಅದು ಬೇರೆ ಮಾತು ಬಿಡಿ.

ಪಶುವೈದ್ಯರು ನಮ್ಮನ್ನೇ ಬೈದರು. ಅಂಗಡಿಯಿಂದ ಬಂದ ಹಕ್ಕಿಯನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕಂತೆ. ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ರೋಗ ಇರಬಹುದು. ಗಿಣಿ ಜಾತಿಯಿಂದ ಮನುಷ್ಯರಿಗೇ ಅಂಟುವ ಜ್ವರವೂ ಒಂದಿದೆ. "ಈಗಾಗಲೇ ಮುಟ್ಟಿಸಿಬಿಟ್ಟೀರಿ, ಆದ್ರೂ ಬ್ಯಾರೆ ಇಡ್ರಿ" ಎಂದರು. ಹೆಣ್ಣನ್ನು ಹಿಂದಿನ ಕೋಣೆಯಲ್ಲಿಟ್ಟೆವು. ಮೊದಲು ರಾಜಾನಿಗೆ ಹಾಕಿ, ಆಮೇಲೆ ಅದಕ್ಕೆ ಹಾಕಿ, ಕೈ ತೊಳೆಯುವುದು. ಬಟ್ಟಲು, ಅರಿವೆ ಎಲ್ಲ ಬೇರೆ ಬೇರೆ. ಆ ತಿಂಗಳು ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ಗೋಡೆಯ ಆಚೆಯಿಂದ ಈಚೆಗೆ ಕೂಗುತ್ತಿದ್ದರು.

ಜುಲೈ ಕಡೆಗೆ ಎರಡೂ ಪಂಜರ ಪಡಸಾಲೆಗೆ ಬಂದವು. ಮೊದಲು ಮೂರು ಮಾರು ದೂರ. ದಿನಕ್ಕಿಷ್ಟು ಹತ್ತಿರ ಸರಿಸಿದೆವು, ಆದರೆ ಕಂಬಿಯಿಂದ ಬೆರಳು ಸಿಗದಷ್ಟು ಅಂತರ ಬಿಟ್ಟೆವು. ಇದು ಉಣ್ಣುವಾಗ ಅದೂ ಉಣ್ಣುವುದು, ಇದು ಮೈ ತೀಡಿಕೊಳ್ಳುವಾಗ ಅದೂ ತೀಡಿಕೊಳ್ಳುವುದು ಕಂಡಾಗ ನಮಗೆ ಧೈರ್ಯ ಬಂತು. ಆಗಲೂ ರಾಜಾನ ಪಂಜರಕ್ಕೆ ಹೆಣ್ಣನ್ನು ಬಿಡಲಿಲ್ಲ. ಅದು ಅವನ ಮನೆ, ಮತ್ತೆ ಜಗಳವೇ. ಇಬ್ಬರಿಗೂ ಹೊಸದಾದ ದೊಡ್ಡ ಪಂಜರ ತಂದು, ನವಣೆ-ಸಜ್ಜೆಯ ಬಟ್ಟಲು ಎರಡು, ನೀರಿನದು ಎರಡು ಇಟ್ಟು, ಒಂದು ರವಿವಾರ ಇಬ್ಬರನ್ನೂ ಒಟ್ಟಿಗೇ ಬಿಟ್ಟು ಎದುರಿಗೇ ಕುಳಿತೆವು. ಕಾಲು ಗಂಟೆ, ಮರುದಿನ ಅರ್ಧ ಗಂಟೆ... ಶಾಲೆಗೆ ಹೋಗುವಾಗ ಮತ್ತೆ ಬೇರೆ. ರಾತ್ರಿ ಒಟ್ಟಿಗೆ ಬಿಡಲು ಆಗಸ್ಟ್ ಮುಗಿಯಿತು. ಮೊಟ್ಟೆ-ಮರಿ ಬೇಡವೆಂದು ಗೂಡಿನ ಪೆಟ್ಟಿಗೆ ಇಡಲಿಲ್ಲ.

ಈಗ ರಾಜಾ ತಲೆ ಬಗ್ಗಿಸಿದರೆ ಅವಳು ಕೊಕ್ಕಿನಿಂದ ಜುಟ್ಟಿನ ಬುಡ ಕೆರೆಯುತ್ತಾಳೆ. ಎದೆಯ ಮೇಲೆ ಹೊಸ ಪುಕ್ಕ ಬಂದಿದೆ. ಕೂಗಾಟ ಇಲ್ಲ. ಆದರೆ ಬಾಗಿಲು ತೆರೆದರೆ ಮೊದಲಿನಂತೆ ಹೆಗಲಿಗೆ ಬರುವುದಿಲ್ಲ. ಜೋಡಿ ಸಿಕ್ಕ ಹಕ್ಕಿಗೆ ಮನುಷ್ಯರ ಅಗತ್ಯ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದರು, ನಾವೇ ಅಷ್ಟಾಗಿ ಕಿವಿಗೊಟ್ಟಿರಲಿಲ್ಲ.

ದೀಪಾವಳಿಗೆ ಮಗಳು ಬಂದಳು. ಚೀಲ ಇಳಿಸದೆ ಪಂಜರದ ಮುಂದೆ ಕುಳಿತು ಅಜ್ಜಿಯ ಧಾಟಿ ಅರ್ಧ ಸಿಳ್ಳೆ ಹಾಕಿದಳು. ರಾಜಾ ಜುಟ್ಟೆತ್ತಿ ನೋಡಿದ, ಗುರುತು ಹಿಡಿದಂತೆಯೇ ಇತ್ತು. ಮತ್ತೆ ಹಾಕಿದಳು. ಅವನು ತಿರುಗಿ ಜೋಡಿಯ ಪಕ್ಕ ಸರಿದು ಕುಳಿತ. ನಾಲ್ಕು ದಿನವೂ ಹೀಗೇ. ಹೊರಡುವ ಹಿಂದಿನ ರಾತ್ರಿ, "ಅಪ್ಪಾ, ಸ್ವಲ್ಪ ದಿನ ಮತ್ತ ಬ್ಯಾರೆ ಬ್ಯಾರೆ ಇಟ್ರ ಹಾಡ್ತಾನೇನು?" ಎಂದು ಕೇಳಿದಳು.

ಹಾಡಬಹುದು. ಹಳೆಯ ಪಂಜರ ಅಟ್ಟದ ಮೇಲೇ ಇದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಬೇಡ ಅಂದೆವು. ಅವಳು ಸುಮ್ಮನೆ ಎದ್ದು ಹೋಗಿ ಪಂಜರದ ಮೇಲೆ ಅರಿವೆ ಹೊದಿಸಿ ಬಂದಳು.