ಹಿಡಿಯಿದ್ದ ಪಾತ್ರೆ

ನಮ್ಮ ಮನೆಯ ಇಕ್ಕಳಕ್ಕೆ ನನ್ನ ಸಂಸಾರದಷ್ಟೇ ವಯಸ್ಸು. ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದ ದಿನ ಕೊಂಡದ್ದು. ಮನೆಗಳು ಬದಲಾದುವು, ಸೀಮೆಎಣ್ಣೆಯ ಒಲೆ ಹೋಗಿ ಗ್ಯಾಸು ಬಂತು, ಮಕ್ಕಳು ಬೆಳೆದು ಅವರವರ ಊರು ಸೇರಿದರು. ಇಕ್ಕಳ ಮಾತ್ರ ಒಲೆಯ ಪಕ್ಕದ ತನ್ನ ಮೊಳೆಯನ್ನು ಬಿಟ್ಟು ಕದಲಲಿಲ್ಲ. ಹಿಡಿಯಿಲ್ಲದ ತಪ್ಪಲೆಯ ಕಂಠವನ್ನು ಅದರಿಂದ ಕಚ್ಚಿ ಹಿಡಿದು, ಒಂದೇ ಕೈಯಲ್ಲಿ ಎತ್ತಿ, ತೊಟ್ಟೂ ಚೆಲ್ಲದಂತೆ ಹಾಲು ಬಗ್ಗಿಸುವ ನನ್ನಾಕೆಯ ಕೈಚಳಕವನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ನೋಡಿದ್ದೇನೆ, ಅಷ್ಟೆ. ಒಂದು ದಿನವೂ ಹಿಡಿದು ನೋಡಿದವನಲ್ಲ.

ಹೋದ ವರ್ಷ ಒಂದು ಬೆಳಗ್ಗೆ ಆ ಇಕ್ಕಳ ಜಾರಿತು. ಕಾದ ಹಾಲು ಅವಳ ಎಡಗಾಲಿನ ಮೇಲೆ ಬಿತ್ತು.

“ತಪ್ಪಲೆ ಜಿಡ್ಡಾಗಿತ್ತು” ಎಂದಳು ಮೊದಲು. ಸಂಜೆ, “ಇಕ್ಕಳ ಸಡಿಲವಾಗಿದೆ” ಎಂದಳು. ಮಣಿಕಟ್ಟಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ವರ್ಷದಿಂದ ಅವಳು ಉಪ್ಪಿನಕಾಯಿಯ ಬಾಟಲಿಯನ್ನು ನನ್ನ ಮುಂದಿಟ್ಟು “ಇದೊಂದು ತೆಗೆದುಕೊಡಿ” ಎನ್ನುತ್ತಿದ್ದಳು. ಅದನ್ನು ನಾನು ನನ್ನ ಪೌರುಷಕ್ಕೆ ಸಲ್ಲುವ ಮರ್ಯಾದೆಯೆಂದು ಸ್ವೀಕರಿಸುತ್ತಿದ್ದೆ. ಕಾಲಿಗೆ ಮುಲಾಮು ಹಚ್ಚುತ್ತ ಕುಳಿತಾಗ ಆ ಬಾಟಲಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದುವು.

ಹಿಡಿಯಿರುವ ಪಾತ್ರೆಯೊಂದನ್ನು ತರುತ್ತೇನೆಂದು ಸಾರಿದೆ. ನಮ್ಮ ಮನೆಯಲ್ಲಿ ಇದು ಸಣ್ಣ ಕ್ರಾಂತಿಯೇ ಸರಿ. ಪಾತ್ರೆಯ ಇಲಾಖೆ ಎಂದೂ ನನ್ನದಾಗಿರಲಿಲ್ಲ. ನಮ್ಮ ತಾಯಿಯ ಕಾಲದಲ್ಲಾದರೆ ಅಡುಗೆಮನೆಯಲ್ಲಿ ಹಿತ್ತಾಳೆಯದೇ ರಾಜ್ಯ. ಕಲಾಯಿಯವನು ಬಂದು ಬೀದಿಯ ಅಂಚಿನಲ್ಲಿ ಕುಳಿ ತೋಡಿ, ತಿದಿಯೊತ್ತಿ, ಕಾದ ಪಾತ್ರೆಯೊಳಕ್ಕೆ ನವಸಾಗರ ಎರಚಿ, ತವರ ಸವರಿ, ಅರಳೆಯಿಂದ ಒಮ್ಮೆ ತೀಡಿದನೆಂದರೆ ಪಾತ್ರೆಯ ಹೊಟ್ಟೆಯಲ್ಲಿ ಚಂದ್ರೋದಯ! ಆ ಚಂದ್ರ ಸವೆಯತೊಡಗಿದರೆ ಹುಳಿ ಕುದಿಸುವಂತಿಲ್ಲ; ಕಿಲುಬಿನ ಭಯ. ಹೀಗಾಗಿ ಸ್ಟೀಲು ಬಂದಾಗ ಅಮ್ಮ ಹಳೆಯ ಜರತಾರಿ ಸೀರೆಯೊಂದನ್ನು ಕೊಟ್ಟು ನಾಲ್ಕು ಡಬ್ಬಿ ತೆಗೆದುಕೊಂಡು, ತನ್ನ ಹೆಸರು ಕೆತ್ತಿಸಿ, ನೆರೆಯವರಿಗೆಲ್ಲ ತೋರಿಸಿದಳು. ಕಬ್ಬಿಣಕ್ಕೆ ಸಾಕಷ್ಟು ಕ್ರೋಮಿಯಂ ಬೆರೆಸಿದರೆ ಸುಲಭವಾಗಿ ತುಕ್ಕು ಹಿಡಿಯದು. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಅಂಥ ಉಕ್ಕನ್ನು ಎರಕ ಹೊಯ್ದಾಗ ಅವನು ಹುಡುಕುತ್ತಿದ್ದುದು ಬಂದೂಕದ ನಳಿಗೆಗೆ ಒದಗುವ ಲೋಹವನ್ನು. ಅದು ಅಮ್ಮನನ್ನು ಹುಣಿಸೆಹಣ್ಣಿನ ತಿಕ್ಕಾಟದಿಂದ ಬಿಡಿಸಿತು.

ಹೊರಡುವ ಮುನ್ನ ಮಿತ್ರರೊಬ್ಬರು ಗುಟ್ಟು ಹೇಳಿಕೊಟ್ಟರು: “ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟಿಕೊಂಡರೆ ಕಳಪೆ, ಅಂಟದಿದ್ದರೆ ಅಸಲು.” ನಮ್ಮ ಫ್ರಿಜ್ಜಿನ ಬಾಗಿಲಿನಿಂದ ಮೊಮ್ಮಗಳ ಆನೆಮರಿ ಅಯಸ್ಕಾಂತವನ್ನು ಕಿತ್ತುಕೊಂಡು ಹತ್ತಿರದ ಅಂಗಡಿಗೆ ಹೋದೆ. ಅಲ್ಲಿ ಈ ಪಾತ್ರೆಗೆ ಸಾಸ್‌ಪ್ಯಾನ್ ಎಂದು ಹೆಸರು. ಸಾರಲ್ಲದೆ ಸಾಸು ಕಾಣದ ಮನೆ ನಮ್ಮದು, ಇರಲಿ. ಕನ್ನಡಿಯಂತೆ ಹೊಳೆಯುವ ಒಂದನ್ನು ಎತ್ತಿ ಆನೆಮರಿಯನ್ನು ಒತ್ತಿದೆ. ಅಂಟಲಿಲ್ಲ. ಹೂವಿನಂತೆ ಹಗುರ, ಬೆಲೆಯೂ ಹಗುರ. ಗೆದ್ದೆನೆಂದುಕೊಂಡೆ.

ಮರುದಿನ ಹಾಲು ತಳ ಹಿಡಿಯಿತು. ಗ್ಯಾಸಿನ ಉರಿ ಹೇಗೆ ದುಂಡಗಿರುತ್ತದೆಯೋ ಹಾಗೆಯೇ ದುಂಡಗೆ, ಅಳತೆ ತೆಗೆದಂತೆ ಕಂದು ಬಳೆಯೊಂದು ಪಾತ್ರೆಯ ತಳದಲ್ಲಿ ಮೂಡಿತು. ತಿಂಗಳೊಳಗೆ ಹಿಡಿ ಅಲುಗಾಡತೊಡಗಿತು. ತೆಳುವಾದ ಪಾತ್ರೆಗೆ ಅದನ್ನು ಎರಡು ಚುಕ್ಕೆ ಬೆಸುಗೆಯಿಂದ ಅಂಟಿಸಿದ್ದರಷ್ಟೆ. ನನ್ನಾಕೆ ಏನೂ ಅನ್ನದೆ ಅದನ್ನು ಗಿಡಕ್ಕೆ ನೀರು ಹಾಕಲು ಇಟ್ಟುಕೊಂಡಳು. ಒಲೆಯ ಬಳಿ ಇಕ್ಕಳ ಮತ್ತೆ ಕೆಲಸಕ್ಕೆ ಬಂತು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎರಡನೆಯ ಸಲ ಚಿಕ್ಕಪೇಟೆಯ ಕಡೆ ಹಳೆಯ ಪಾತ್ರೆ ಅಂಗಡಿಯೊಂದಕ್ಕೆ ಹೋದೆ. ಗಲ್ಲಾದ ಮೇಲಿದ್ದ ಮುದುಕರು ನನ್ನ ಆನೆಮರಿಯನ್ನು ನೋಡಿ ಬಾಯಿತುಂಬ ನಕ್ಕರು.

“ಇದನ್ನ ನಂಬಿ ಬಂದ್ರಾ ಸಾರ್? ನಿಕ್ಕಲ್ ಇರೋ ಒಳ್ಳೇ ಸ್ಟೀಲಿಗೂ ಇದು ಅಂಟೋದಿಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲಿಗೂ ಅಂಟೋದಿಲ್ಲ. ನಿಮ್ಮ ಆನೆಗೆ ಎರಡೂ ಒಂದೇ.”

ಅನಂತರ ಒಂದು ಪಾತ್ರೆಯನ್ನು ಬೋರಲು ಹಾಕಿ, ಆನೆಯನ್ನು ತಾವೇ ಅದರ ತಳಕ್ಕೆ ಒತ್ತಿದರು. ಗಟ್ಟಿಯಾಗಿ ಅಂಟಿಕೊಂಡಿತು! “ಇದು ಅಂಟಲೇಬೇಕು. ಅಂಟದೆ ಇದ್ರೆ ಇಂಡಕ್ಷನ್ ಒಲೆ ಮೇಲೆ ಕಾಯೋದೇ ಇಲ್ಲ.” ಅವರು ತೋರಿಸಿದ್ದು ಮೂರು ಪದರದ ಪಾತ್ರೆ. ಒಳಗೆ, ಅನ್ನಕ್ಕೆ ತಗಲುವ ಕಡೆ, ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ, 304 ಎಂದು ಕರೆಯುವ ಸ್ಟೀಲು, ಹೊರಗೆ ಅಯಸ್ಕಾಂತಕ್ಕೆ ಒಗ್ಗುವ ಬೇರೆ ಸ್ಟೀಲು, ನಡುವೆ ಅಲ್ಯೂಮಿನಿಯಂ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಶಾಖವನ್ನು ಹರಿಸುವುದರಲ್ಲಿ ಸ್ಟೀಲಿನಷ್ಟು ಸೋಮಾರಿ ಪಾತ್ರೆಯ ಲೋಹಗಳಲ್ಲಿ ಇನ್ನೊಂದಿಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು 15 ಪಟ್ಟು ಚುರುಕು, ತಾಮ್ರ ಸುಮಾರು 25 ಪಟ್ಟು. ಉರಿ ತಾಗಿದ ಕಡೆ ಕಾದು, ಪಕ್ಕಕ್ಕೆ ಶಾಖವನ್ನು ಹಂಚದೆ ಕೂರುವುದು ತೆಳು ಸ್ಟೀಲಿನ ಸ್ವಭಾವ. ನನ್ನ ಕಂದು ಬಳೆಯ ಅರ್ಥ ಆಗ ತಿಳಿಯಿತು. ತಾಮ್ರದ ತಳವೆಂದು ಕೆಂಪಗೆ ಮಿನುಗುವ ಪಾತ್ರೆಗಳೂ ಉಂಟು. ಆದರೆ ಅವುಗಳಲ್ಲಿ ಎಷ್ಟೋ ಬರಿಯ ಲೇಪ, ಕಣ್ಣಿಗೆ ಹಬ್ಬವೇ ಹೊರತು ಹಾಲಿಗೆ ಉಪಕಾರವಿಲ್ಲ. ಸ್ಟೀಲು ಪಾತ್ರೆಗೆ ಐ.ಎಸ್.ಐ. ಗುರುತನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರಕಾರ 2024ರ ಮಾರ್ಚಿಯಲ್ಲಿ ಹೊರಡಿಸಿದೆ. ಒಳ್ಳೆಯದೇ, ಆನೆಮರಿಗಿಂತ ಅದು ವಾಸಿ.

ಇಷ್ಟೆಲ್ಲ ವಿದ್ಯೆ ಬಂದರೂ ಆ ದಿನ ನಾನು ಬರಿಗೈಯಲ್ಲಿ ಬಂದೆ. ಕಾರಣ, ಬಾಳಿಕೆಯ ಪಾತ್ರೆ ಭಾರದ ಪಾತ್ರೆ. ಖಾಲಿಯಿದ್ದಾಗಲೇ ಅದು ನನ್ನ ಕೈಯನ್ನು ಜಗ್ಗಿತು. “ಯಾರು ಎತ್ತುತ್ತಾರೋ ಅವರನ್ನ ಕರ್ಕೊಂಡು ಬನ್ನಿ ಸಾರ್” ಎಂದರು ಮುದುಕರು. ನಲವತ್ತು ವರ್ಷದಲ್ಲಿ ನನಗೆ ಹೊಳೆಯದ ಮಾತು.

ಅವಳು ಸುಲಭವಾಗಿ ಹೊರಡಲಿಲ್ಲ. “ಇನ್ನೆಷ್ಟು ದಿನ ಅಡುಗೆ ಮಾಡ್ತೀನಿ ಅಂತ ಅಷ್ಟು ದುಡ್ಡು ಸುರೀತೀರಿ?” ಎಂದಳು. ನಗುತ್ತಲೇ ಅಂದ ಮಾತು. ನನಗೆ ನಗು ಬರಲಿಲ್ಲ.

ಅಂಗಡಿಯಲ್ಲಿ ಅವಳು ಹೊಳಪಿನ ಕಡೆ ನೋಡಲೇ ಇಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು, ಕೇಳದೆಯೆ ಎರಡು ಲೀಟರಿನ ಪಾತ್ರೆಗೆ ಸುರಿದು, ಹಿಡಿಯನ್ನು ಹಿಡಿದು ಎತ್ತಿದಳು. ಮಣಿಕಟ್ಟು ನಡುಗಿತು. ನೀರಿನ ಮೇಲೆ ಸಣ್ಣ ಅಲೆಗಳೆದ್ದುವು. ಮೂವರೂ ಅದನ್ನೇ ನೋಡುತ್ತಿದ್ದೆವು. ಅವಳು ಮೆಲ್ಲಗೆ ಕೆಳಗಿಟ್ಟು, “ಇದು ಬೇಡ” ಎಂದಳು. ಆಮೇಲೆ ಒಂದೂವರೆ ಲೀಟರಿನದು. ಅದರ ಹಿಡಿಗೆ ಎದುರಾಗಿ ಒಂದು ಪುಟ್ಟ ಕಿವಿಯಿತ್ತು. ಬಟ್ಟೆ ಹಿಡಿದು ಎರಡನೆಯ ಕೈ ಆನಿಸಬಹುದು. ಹಿಡಿ ಕೂಡುವಲ್ಲಿ ಮೂರು ರಿವೆಟ್ಟುಗಳನ್ನು ಉಗುರಿನಿಂದ ತಡವಿ, “ಇಲ್ಲಿ ಜಿಡ್ಡು ಕೂರುತ್ತೆ, ಆದರೆ ಹಿಡಿ ಕಳಚೋದಿಲ್ಲ” ಎಂದು ತೀರ್ಪು ಕೊಟ್ಟಳು. ನೀರನ್ನು ಬಾಟಲಿಗೇ ಮರಳಿ ಬಗ್ಗಿಸಿ, ಕಂಠದಿಂದ ಹೊರಗೆ ಇಳಿಯುತ್ತದೆಯೇ ನೋಡಿದಳು. ಒಂದು ತೊಟ್ಟು ಮಾತ್ರ ಇಳಿಯಿತು. ಮುದುಕರು ಎದ್ದು ನಿಂತು ಬೆಲೆಯನ್ನು ತಾವಾಗಿಯೇ ಐವತ್ತು ರೂಪಾಯಿ ಇಳಿಸಿದರು. ಜೊತೆಗೆ, “ತಣ್ಣೀರಿಗೆ ಉಪ್ಪು ಹಾಕಿ ಬಿಡಬೇಡಿ ತಾಯಿ, ತಳದಲ್ಲಿ ಚುಕ್ಕೆ ಬೀಳುತ್ತೆ, ಕುದಿ ಬಂದ ಮೇಲೆ ಹಾಕಿ” ಎಂದರು.

ಪಾತ್ರೆ ಮನೆಗೆ ಬಂತು. ಮಾರನೆಯ ಬೆಳಗ್ಗೆ ನೋಡುತ್ತೇನೆ, ಒಲೆಯ ಮೇಲೆ ಅದೇ ಹಳೆಯ ತಪ್ಪಲೆ, ಕೈಯಲ್ಲಿ ಅದೇ ಇಕ್ಕಳ!

“ಹೊಸದೆಲ್ಲಿ?”

“ಬೀರುವಿನಲ್ಲಿದೆ. ಅಷ್ಟು ಒಳ್ಳೇದನ್ನ ದಿನಾ ಸವೆಸೋದೆ? ಮಗಳಿಗೆ ಆಗುತ್ತೆ.”

ವಾದ ಮಾಡಿದೆ, ಗದರಿದೆ, ಕಾಲಿನ ಕಲೆಯನ್ನು ತೋರಿಸಿದೆ. ಹದಿನೈದು ದಿನ ಪಾತ್ರೆ ರೇಷ್ಮೆ ಸೀರೆಗಳ ನಡುವೆ ಸುಖವಾಗಿತ್ತು. ಹದಿನಾರನೆಯ ದಿನ ಅವಳು ದೇವಸ್ಥಾನಕ್ಕೆ ಹೋದಾಗ ನಾನೇ ಅದನ್ನು ಹೊರತೆಗೆದು, ಹಾಲಿಟ್ಟು, ಪತ್ರಿಕೆ ಹಿಡಿದು ಹೊರಗೆ ಕುಳಿತೆ. ಅವಳು ಗೇಟು ತೆಗೆಯುವ ಹೊತ್ತಿಗೆ ಸೀದ ವಾಸನೆ ಬೀದಿಗೆ ಬಂದಿತ್ತು. ಮೂರು ಪದರವಿದ್ದರೇನು, ಹಾಲೆಲ್ಲ ಉಕ್ಕಿ ಹೋದ ಮೇಲೆ ಯಾವ ತಳ ತಾನೇ ತಡೆದೀತು?

ಅಂದು ಕೇಳಬೇಕಾದುದನ್ನೆಲ್ಲ ಕೇಳಿದೆ. ಅವಳು ನೀರಿಗೆ ಅಡುಗೆ ಸೋಡ ಹಾಕಿ ಅದರಲ್ಲೇ ಕುದಿಸಿ, ಮರದ ಸೌಟಿನಿಂದ ಕರಿಯನ್ನು ಹೆರೆದು ತೆಗೆದಳು. ಉಳಿದ ಕಾಮನಬಿಲ್ಲಿನ ಬಣ್ಣವನ್ನು ನಿಂಬೆಯ ಹೋಳಿನಿಂದ ಉಜ್ಜಿದಳು. ಬಹುಮಟ್ಟಿಗೆ ಹೋಯಿತು, ಬೆಳಕಿಗೆ ಹಿಡಿದರೆ ಒಂದು ಛಾಯೆ ಕಾಣುತ್ತದೆ.

“ಇನ್ನು ಇದನ್ನ ಮಗಳಿಗೆ ಹೇಗೆ ಕೊಡೋದು?” ಎಂದು ಗೊಣಗುತ್ತ ಅದನ್ನು ಒಲೆಯ ಪಕ್ಕಕ್ಕಿಟ್ಟಳು. ಅಂದಿನಿಂದ ಹಾಲು, ಕಾಫಿಯ ನೀರು, ಇಬ್ಬರ ಸಾರು ಎಲ್ಲವೂ ಅದರಲ್ಲೇ. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕಿವಿಯ ಮೇಲೆ. ಇಕ್ಕಳ ಮೊಳೆಯಲ್ಲಿ ತೂಗುತ್ತಿದೆ.

ಆ ದಿನದ ಪತ್ರಿಕೆಯಲ್ಲಿ ಮೈಮರೆತು ಓದುವಂಥದೇನೂ ಇರಲಿಲ್ಲವೆಂಬುದನ್ನು ಮಾತ್ರ ಅವಳಿಗೆ ನಾನಿನ್ನೂ ಹೇಳಿಲ್ಲ.