ಪಟ್ಟಿಯ ಕೊನೆಯ ಸಾಲಿನವರು

ಪಟ್ಟಿ ಮಾಡುವುದೆಂದರೆ ಮನುಷ್ಯನಿಗೆ ಬಹಳ ಇಷ್ಟ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕೊನೆ ಎಂಬುದು ಪತ್ರಿಕೆಯ ಮುಖಪುಟದಲ್ಲಿರುತ್ತದೆ. ಮದುವೆ ಮಾತುಕತೆಗೆ ಕುಳಿತರೆ ಹುಡುಗನ ಸಂಬಳ, ಹುಡುಗಿಯ ಬಣ್ಣ, ಇಬ್ಬರ ಖಾನ್‌ದಾನ್ ಎಲ್ಲವೂ ಯಾರೂ ಬರೆದಿಡದ ಒಂದು ಪಟ್ಟಿಯ ಪ್ರಕಾರವೇ ಅಳೆಯಲ್ಪಡುತ್ತವೆ. ನಮ್ಮ ಸಮುದಾಯದ ಮಟ್ಟಿಗಂತೂ ಪಟ್ಟಿ ಎಂಬ ಮಾತಿಗೆ ಬೇರೆಯೇ ನೆನಪುಗಳಿವೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಅದರ ಕೋಷ್ಟಕಗಳಲ್ಲಿ ನಮ್ಮ ಸಾಲು ಎಲ್ಲಿದೆ ಎಂದು ಹುಡುಕಿದವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಳಗಿನಿಂದ ಓದಿಕೊಂಡು ಬಂದರೆ ಸಾಕಿತ್ತು.

ಪಟ್ಟಿ ಸುಳ್ಳು ಹೇಳುತ್ತದೆ ಎಂಬುದು ನನ್ನ ವಾದವಲ್ಲ. ಅಂಕಿಅಂಶ ನಿಜವೇ ಇರಬಹುದು. ಆದರೆ ಪಟ್ಟಿಯಲ್ಲಿ ಒಬ್ಬ ಇವತ್ತು ಎಲ್ಲಿದ್ದಾನೆ ಎಂಬ ಮಾಹಿತಿ, ಅವನು ಎಂದೆಂದಿಗೂ ಅಲ್ಲಿಯೇ ಇರತಕ್ಕವನು ಎಂಬ ತೀರ್ಪಾಗಿ ಬದಲಾಗುವುದಿದೆಯಲ್ಲ, ಅದು ಹೇಗೆ, ಯಾರು ಮಾಡುತ್ತಾರೆ ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆ ನನಗೆ ಕೊಂಚ ಬೆಳಕು ಸಿಕ್ಕಿದ್ದು ಯಾವ ಸಮಾಜಶಾಸ್ತ್ರದ ಗ್ರಂಥದಿಂದಲೂ ಅಲ್ಲ, ಒಂದು ವಿಡಿಯೊ ಗೇಮಿನಿಂದ ಎಂದರೆ ಓದುಗರು ನಗಬಹುದು.

ನನ್ನ ಅಕ್ಕನ ಮಗ ಶಿವಮೊಗ್ಗದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ. ಆ ಶಾಲೆಯಲ್ಲಿ ಎಂಟನೇ ತರಗತಿಯಿಂದಲೇ ಮಕ್ಕಳನ್ನು ಅಂಕಗಳ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಇವನು ಸಿ. ಓದುವುದು ಬಿಟ್ಟು ಮೊಬೈಲಿನಲ್ಲಿ ಆಟ ನೋಡುತ್ತಾನೆ, ನೀನೊಮ್ಮೆ ಬುದ್ಧಿ ಹೇಳು ಎಂದು ಆಪಾ ನನ್ನನ್ನು ಕರೆಸಿದ್ದಳು. ಬುದ್ಧಿ ಹೇಳುವ ಮೊದಲು ಏನು ನೋಡುತ್ತಿದ್ದಾನೆಂದು ತಿಳಿಯಬೇಕಲ್ಲ. ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಕೆಂಪು ಬಣ್ಣದ ಒಂದು ಪುಟ್ಟ ಡೈನೋಸಾರ್ ಮೊಟ್ಟೆ ಎಸೆಯುತ್ತ ಹಾರಾಡುತ್ತಿತ್ತು.

"ಮಾಮೂ, ಇದು ಯೋಶಿ. ಇದನ್ನ ಆಡೋದು ವೇಸ್ಟ್ ಅಂತ ಎಲ್ಲರೂ ಬಿಟ್ಟುಬಿಟ್ಟಿದ್ರು" ಎಂದ. ಆಮೇಲೆ ಸುಮಾರು ಒಂದು ಗಂಟೆ ಮಾತಾಡಿದವನು ಅವನೇ. ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಮಾಸ್ತರರು ದೂರುವ ಹುಡುಗ ಅಷ್ಟು ಕ್ರಮವಾಗಿ, ಕಾರಣ ಕೊಟ್ಟು, ಉದಾಹರಣೆ ತೋರಿಸಿ ವಿವರಿಸಿದ. ಅವನು ಹೇಳಿದ್ದನ್ನೂ, ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಜಪಾನಿನ ನಿಂಟೆಂಡೊ ಕಂಪೆನಿ 2001ರಲ್ಲಿ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ' ಎಂಬ ಕಾಳಗದ ಆಟವೊಂದನ್ನು ಹೊರತಂದಿತು. ಅದರಲ್ಲಿ 26 ಪಾತ್ರಗಳಿವೆ. ಆಡುವವನು ತನಗೆ ಬೇಕಾದ ಪಾತ್ರವನ್ನು ಆರಿಸಿಕೊಂಡು ಎದುರಾಳಿಯನ್ನು ಹೊಡೆದು ವೇದಿಕೆಯಿಂದ ಹೊರಗೆ ಬೀಳಿಸಬೇಕು. ಎಲ್ಲ ಪಾತ್ರಗಳ ಬಲವೂ ಒಂದೇ ಅಲ್ಲ. ಫಾಕ್ಸ್ ಎಂಬ ನರಿ ಮಿಂಚಿನ ವೇಗದ್ದು. ಮಾರ್ಥ್ ಎಂಬ ಖಡ್ಗಧಾರಿ ದೂರದಿಂದಲೇ ಹೊಡೆಯಬಲ್ಲ. ಹೀಗಾಗಿ ಆಟಗಾರರು ತಾವೇ ಕೂಡಿ ಒಂದು ಶ್ರೇಣಿ ಪಟ್ಟಿ ಮಾಡಿಕೊಂಡರು. ಇದಕ್ಕೆ 'ಟಯರ್ ಲಿಸ್ಟ್' ಎನ್ನುತ್ತಾರೆ. ಯಾವ ಪಾತ್ರ ಗೆಲ್ಲತಕ್ಕದ್ದು, ಯಾವುದು ಸೋಲತಕ್ಕದ್ದು ಎಂಬುದರ ಪಟ್ಟಿ. ಯೋಶಿಯ ಹೆಸರು ಆ ಪಟ್ಟಿಯಲ್ಲಿ ಬಹಳ ಕಾಲ ಕೆಳಗಿತ್ತು.

ಅದಕ್ಕೆ ಕಾರಣಗಳೂ ಇದ್ದವು. ವೇದಿಕೆಯಿಂದ ಹೊರಗೆ ಬಿದ್ದಾಗ ಮರಳಿ ಮೇಲೇರಲು ಬಹುತೇಕ ಪಾತ್ರಗಳಿಗೆ ಒಂದು ವಿಶೇಷ ಜಿಗಿತವಿದೆ. ಯೋಶಿಗೆ ಅದಿಲ್ಲ. ಅದರ ಜಾಗದಲ್ಲಿ ಇರುವುದು ಮೊಟ್ಟೆ ಎಸೆತ. ಗಾಳಿಯಲ್ಲಿ ಹಾರುವ ಎರಡನೇ ಜಿಗಿತವೊಂದೇ ಅದರ ಆಸರೆ. ಅದು ಕೈತಪ್ಪಿದರೆ ಬಿದ್ದಂತೆಯೇ. ಇತರರು ಹೊಡೆತ ತಡೆಯಲು ಗುರಾಣಿ ಹಿಡಿದಾಗ ಅದರೊಳಗಿಂದಲೇ ಜಿಗಿದು ತಿರುಗಿ ಹೊಡೆಯಬಲ್ಲರು. ಯೋಶಿಯ ಗುರಾಣಿ ಒಂದು ಮೊಟ್ಟೆ. ಒಳಗೆ ಕುಳಿತರೆ ಹಾಗೆ ಜಿಗಿಯಲಾಗದು. ಇಷ್ಟು ಕೊರತೆಗಳಿರುವ ಪಾತ್ರವನ್ನು ಬುದ್ಧಿ ಇರುವವನು ಯಾಕೆ ಆರಿಸಿಕೊಂಡಾನು?

ಆರಿಸಿಕೊಂಡವನು ಜಪಾನಿನ ಮಸಾಯ ಚಿಕಮೊಟೊ. ಆಟದ ಲೋಕದಲ್ಲಿ ಅವನನ್ನು 'ಆಮ್ಸಾ' ಎಂದು ಕರೆಯುತ್ತಾರೆ. ಈ ಆಟದ ದೊಡ್ಡ ಪಂದ್ಯಗಳೆಲ್ಲ ನಡೆಯುವುದು ಹೆಚ್ಚಾಗಿ ಅಮೆರಿಕದಲ್ಲಿ, ಬಲಿಷ್ಠರೂ ಅಲ್ಲಿಯೇ ಹೆಚ್ಚು. ಅವರಿಂದ ದೂರವಿದ್ದ ಈತ ಯೋಶಿಯ ಕೊರತೆಗಳನ್ನು ಎಣಿಸುವುದರ ಬದಲು ಅದರಲ್ಲಿ ಬೇರೆ ಯಾರಲ್ಲಿಯೂ ಇಲ್ಲದ್ದು ಏನಿದೆ ಎಂದು ಹುಡುಕಿದ. ಆಟದ ಪರದೆ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಹೊಡೆತ ಬೀಳುವುದಕ್ಕೂ ಗುರಾಣಿ ಎತ್ತುವುದಕ್ಕೂ ಅಂಥ ಕೆಲವೇ ಚೌಕಟ್ಟುಗಳ ಅಂತರವಿದ್ದರೆ, ಜೈಲಿನಂತಿದ್ದ ಆ ಮೊಟ್ಟೆಯೇ ಹೊಡೆತವನ್ನು ಹೀರಿಕೊಂಡು ಯೋಶಿಯನ್ನು ಕೂಡಲೇ ಬಿಡುಗಡೆ ಮಾಡುತ್ತದೆ. ಎದುರಾಳಿ ಇನ್ನೂ ಹೊಡೆತದ ಭಂಗಿಯಲ್ಲಿರುವಾಗಲೇ ಯೋಶಿ ತಿರುಗಿ ಬೀಳಬಲ್ಲದು. ಅದರ ಎರಡನೇ ಜಿಗಿತಕ್ಕೆ ಇನ್ನೊಂದು ಗುಣವಿದೆ: ಜಿಗಿಯುತ್ತಿರುವಾಗ ಹೊಡೆತ ತಿಂದರೂ, ಆ ಹೊಡೆತ ತೀರಾ ಬಲವಾದದ್ದಲ್ಲದಿದ್ದರೆ, ಯೋಶಿ ಕದಲದೆ ಮೇಲಕ್ಕೇ ಸಾಗುತ್ತದೆ. ಯಾವುದನ್ನು ಜನ ಅದರ ದೌರ್ಬಲ್ಯ ಎಂದು ಬರೆದಿಟ್ಟಿದ್ದರೋ ಅದೇ ಜಾಗಗಳಲ್ಲಿ ಅದರ ಬಲ ಅಡಗಿತ್ತು. ಆದರೆ ಅದನ್ನು ಹೊರತೆಗೆಯಲು ಬೆರಳುಗಳಿಗೆ ವರ್ಷಗಟ್ಟಲೆ ಅಭ್ಯಾಸ ಬೇಕಿತ್ತು.

2014ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಡೆದ 'ಅಪೆಕ್ಸ್' ಪಂದ್ಯಾವಳಿಯಲ್ಲಿ ಈತ ಕೆಂಪು ಯೋಶಿಯೊಂದಿಗೆ ಐದನೇ ಸ್ಥಾನ ಪಡೆದ. ಜನ ಬೆರಗಾದರು. ಆದರೆ ಬೆರಗಾಗುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಎದುರಾಳಿಗೆ ಯೋಶಿಯ ಪರಿಚಯವಿಲ್ಲದ ಕಾರಣ ಗೆದ್ದ, ಒಮ್ಮೆ ಪರಿಚಯವಾದರೆ ಮುಗಿಯಿತು ಎಂದು ಹೇಳುವುದು ಸುಲಭವಾಗಿತ್ತು. ಆಮ್ಸಾ ಪಾತ್ರ ಬದಲಿಸಲಿಲ್ಲ. ಸೋತ, ಮತ್ತೆ ಬಂದ, ಮತ್ತೆ ಸೋತ. ಕೊನೆಗೆ 2022ರ ಅಕ್ಟೋಬರಿನಲ್ಲಿ ಮಿಶಿಗನ್‌ನಲ್ಲಿ ನಡೆದ ಹತ್ತನೇ 'ಬಿಗ್ ಹೌಸ್' ಪಂದ್ಯಾವಳಿಯಲ್ಲಿ ಯೋಶಿಯೊಂದನ್ನೇ ಹಿಡಿದು ಪ್ರಶಸ್ತಿ ಗೆದ್ದ. ಆಟ ಬಂದು 21 ವರ್ಷಗಳಾಗಿದ್ದವು. ಅಪೆಕ್ಸ್‌ನ ಐದನೇ ಸ್ಥಾನದಿಂದ ಎಣಿಸಿದರೂ ಎಂಟು ವರ್ಷ ದಾಟಿತ್ತು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಈಗಿನ ಆಟಗಳನ್ನು ಕಂಪೆನಿಗಳು ಆಗಾಗ ತಿದ್ದುತ್ತಿರುತ್ತವೆ. ಬಲಹೀನ ಪಾತ್ರಕ್ಕೆ ಒಂದಿಷ್ಟು ಬಲ ಸೇರಿಸುತ್ತವೆ. ಮೆಲೀ ಹಾಗಲ್ಲ. ಅದು ಡಿಸ್ಕಿನಲ್ಲಿ ಅಚ್ಚಾದ ಆಟ. ಇಪ್ಪತ್ತು ವರ್ಷಗಳಲ್ಲಿ ಯೋಶಿಗೆ ಯಾರೂ ಏನನ್ನೂ ಸೇರಿಸಲಿಲ್ಲ. ಆದರೂ ಪಟ್ಟಿಯಲ್ಲಿ ಅದರ ಸ್ಥಾನ ಮೇಲೇರಿತು. ಅಂದರೆ ಬದಲಾದದ್ದು ಯೋಶಿಯಲ್ಲ, ಪಟ್ಟಿ ಮಾಡುವವರ ತಿಳಿವಳಿಕೆ. ಆ ಬಲ ಮೊದಲ ದಿನದಿಂದಲೂ ಅಲ್ಲಿಯೇ ಇತ್ತು. ನೋಡುವ ತಾಳ್ಮೆ ಇರುವವನು ಬರಬೇಕಿತ್ತು, ಅಷ್ಟೆ.

ಈ ಆಟವೇ ಒಂದು ಕಾಲಕ್ಕೆ ಪಟ್ಟಿಯಿಂದ ಹೊರಗಿತ್ತು ಎಂಬುದೂ ಸ್ವಾರಸ್ಯಕರ. ಕಾಳಗದ ಆಟಗಳ ಅತಿ ದೊಡ್ಡ ಮೇಳವಾದ 'ಇವೊ' ಲಾಸ್ ವೇಗಾಸ್‌ನಲ್ಲಿ ನಡೆಯುತ್ತಿತ್ತು. 2013ರ ಮೇಳಕ್ಕೆ ಕೊನೆಯ ಒಂದು ಆಟವನ್ನು ಆರಿಸಲು ಸಂಘಟಕರು ಒಂದು ದಾರಿ ಕಂಡುಕೊಂಡರು: ಸ್ತನ ಕ್ಯಾನ್ಸರ್ ಸಂಶೋಧನೆಗೆ ಯಾವ ಆಟದ ಅಭಿಮಾನಿಗಳು ಹೆಚ್ಚು ದಾನ ಕೊಡುತ್ತಾರೋ ಆ ಆಟಕ್ಕೆ ಅವಕಾಶ. ಮಕ್ಕಳಾಟಿಕೆ ಎಂದು ಇತರರು ತಾತ್ಸಾರ ಮಾಡುತ್ತಿದ್ದ ಮೆಲೀಯ ಅಭಿಮಾನಿಗಳು 94 ಸಾವಿರಕ್ಕೂ ಹೆಚ್ಚು ಡಾಲರ್ ಕೂಡಿಸಿ ಗೆದ್ದರು. ತಮ್ಮ ಆಟದ ಮಾನಕ್ಕಾಗಿ ಕೊಟ್ಟ ಹಣ ಯಾವುದೋ ರೋಗಿಯ ಉಪಯೋಗಕ್ಕೆ ಹೋಯಿತು. ಸದಕಾ ಎಷ್ಟು ವಿಚಿತ್ರ ಬಾಗಿಲುಗಳಿಂದ ಬರುತ್ತದೆ ನೋಡಿ!

ಕಡೆಗಣಿಸಲ್ಪಡುವುದು ಪಾತ್ರಗಳು ಮಾತ್ರವಲ್ಲ, ಊರುಗಳೂ ಹೌದು, ವಯಸ್ಸೂ ಹೌದು. 'ಟೆಕ್ಕೆನ್' ಎಂಬ ಇನ್ನೊಂದು ಆಟದಲ್ಲಿ ಕೊರಿಯ, ಜಪಾನಿನವರೇ ದೊರೆಗಳೆಂಬುದು ಲೋಕದ ನಂಬಿಕೆಯಾಗಿತ್ತು. 2019ರ ಫೆಬ್ರವರಿಯಲ್ಲಿ ಲಾಹೋರಿನ ಅರ್ಸಲಾನ್ ಸಿದ್ದೀಕಿ ಎಂಬ ಯುವಕ ವೀಸಾ, ವಿಮಾನಗಳ ತೊಂದರೆಗಳನ್ನು ದಾಟಿ ಜಪಾನಿನ ಫುಕುವೊಕಾ ತಲುಪಿ ಅಲ್ಲಿನ ಇವೊ ಗೆದ್ದ. ಅದೇ ಆಗಸ್ಟಿನಲ್ಲಿ ಲಾಸ್ ವೇಗಾಸ್‌ನಲ್ಲಿ ಕೊರಿಯದ ಹೆಸರಾಂತ ಆಟಗಾರ 'ನೀ'ಯನ್ನು ಸೋಲಿಸಿ ಅಲ್ಲಿಯೂ ಗೆದ್ದ. ತನ್ನ ನಾಡಿನಲ್ಲಿ ಇನ್ನೂ ಎಷ್ಟೋ ಒಳ್ಳೆಯ ಆಟಗಾರರಿದ್ದಾರೆ ಎಂದು ಅವನು ಹೇಳಿದ್ದು ಬರೀ ವಿನಯವಾಗಿರಲಿಲ್ಲ. 2023ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಶ್ವ ಸರಣಿ ಫೈನಲ್ಸ್ ಗೆದ್ದ ಆತಿಫ್ ಬಟ್ ಕೂಡ ಅಲ್ಲಿಯವನೇ. ಗಡಿಯಾಚೆಯ ಹೆಸರುಗಳನ್ನು ಬರೆಯುವಾಗ ನಮ್ಮಂಥವರ ಪೆನ್ನು ಅರೆಕ್ಷಣ ತಡೆಯುತ್ತದೆ. ಓದುವವರು ಹೇಗೆ ಓದಿಯಾರು ಎಂಬ ಅಳುಕು. ಆಟವನ್ನು ಆಟವೆಂದು ಮೆಚ್ಚುವುದಕ್ಕೂ ಪ್ರಮಾಣಪತ್ರ ಬೇಕಾಗುವ ಕಾಲದಲ್ಲಿ ಈ ಅಳುಕೂ ಒಂದು ಬಗೆಯ ಪಟ್ಟಿಯ ಫಲವೇ. ಅದೇ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್' ಆಟದ ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂಗೆ 44 ವರ್ಷ. ಬೆರಳಿನ ಚುರುಕು ಇಪ್ಪತ್ತಕ್ಕೇ ಮುಗಿಯುತ್ತದೆ ಎಂದು ನಂಬಿದವರ ಮುಂದೆಯೇ ಗೆದ್ದ.

ಇಷ್ಟೆಲ್ಲ ಹೊಗಳಿ ಮಕ್ಕಳ ಕೈಗೆ ಮೊಬೈಲ್ ಕೊಟ್ಟುಬಿಡಿ ಎನ್ನುತ್ತೀರಾ ಎಂದು ತಾಯಂದಿರು ಕೇಳಬಹುದು. ಇಲ್ಲ. ನಿದ್ದೆಯನ್ನೂ ನಮಾಝಿನ ಹೊತ್ತನ್ನೂ ನುಂಗುವ ಆಟ, ಅದು ಯಾವುದೇ ಇರಲಿ, ಹೆಚ್ಚಾಯಿತೆಂದೇ ಅರ್ಥ. ಹಣ ಕಟ್ಟುವ ಆಟಗಳದ್ದು ಬೇರೆಯೇ ಕಥೆ; ಅದು ಜೂಜು. 2025ರಲ್ಲಿ ಸಂಸತ್ತು ಮಾಡಿದ ಕಾನೂನು ಕೂಡ ಹಣದಾಟಗಳನ್ನು ನಿಷೇಧಿಸಿ, ಕೌಶಲದ ಸ್ಪರ್ಧೆಯಾದ ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿದೆ. ಆಪಾಳ ಮನೆಯಲ್ಲಿ ಈಗ ಇಶಾ ಆದ ಮೇಲೆ ಮೊಬೈಲು ಕಪಾಟಿನೊಳಗೆ. ಹುಡುಗ ಗೊಣಗಿದರೂ ಒಪ್ಪಿಕೊಂಡಿದ್ದಾನೆ.

ನನಗೆ ಹೆಚ್ಚು ಎಚ್ಚರ ಬೇಕೆನಿಸುವುದು ಇನ್ನೊಂದು ವಿಷಯದಲ್ಲಿ. ಇಂಥ ಗೆಲುವಿನ ಕಥೆಗಳನ್ನು ಹೇಳಿ, ನೋಡಿ, ಶ್ರಮಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು, ಸೌಲಭ್ಯ ಯಾಕೆ, ಮೀಸಲಾತಿ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಹೇಳಬೇಕಾದ ಮಾತಿದೆ. ಒಬ್ಬ ಆಮ್ಸಾ ಗೆದ್ದ. ಬಲಹೀನ ಪಾತ್ರಗಳನ್ನು ಹಿಡಿದು ಸೋತು ಮನೆಗೆ ಹೋದ ನೂರಾರು ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ. ಅವನಿಗೆ ಅಷ್ಟು ವರ್ಷ ಹಿಡಿದದ್ದೇ ಪಟ್ಟಿಯ ಕೆಳಗಿರುವುದರ ಬೆಲೆ ಎಷ್ಟೆಂದು ತೋರಿಸುತ್ತದೆ. ಮೇಲಾಗಿ ಮೆಲೀ ಮುಚ್ಚಿದ ಡಿಸ್ಕು. ಅದರ ನಿಯಮ ತಿದ್ದಲು ಬರುವುದಿಲ್ಲ, ಆದ್ದರಿಂದ ಆಟಗಾರನೇ ಎಲ್ಲವನ್ನೂ ಮಾಡಬೇಕಾಯಿತು. ಶಾಲೆ ಡಿಸ್ಕಲ್ಲ. ಸರಕಾರ ಡಿಸ್ಕಲ್ಲ. ಅವುಗಳನ್ನು ತಿದ್ದಬಹುದು.

ಅಕ್ಕನ ಮಗನ ಸಿ ವಿಭಾಗಕ್ಕೆ ಕಳೆದ ವರ್ಷ ಗಣಿತಕ್ಕೆ ಮೂರು ಜನ ಮಾಸ್ತರರು ಬದಲಾದರು. ಎ ವಿಭಾಗಕ್ಕೆ ವರ್ಷವಿಡೀ ಒಬ್ಬರೇ ಅನುಭವಿಗಳು. ವರ್ಷದ ಕೊನೆಯಲ್ಲಿ ಎರಡೂ ವಿಭಾಗಗಳ ಅಂಕ ಹೋಲಿಸಿ, ಸಿ ವಿಭಾಗದವರು ಸಿ ವಿಭಾಗದವರೇ ಎಂದು ತೀರ್ಮಾನಿಸಲಾಯಿತು. ಆಪಾ ಮತ್ತು ನಾನು, ಜೊತೆಗೆ ಅದೇ ತರಗತಿಯ ಇನ್ನೂ ನಾಲ್ಕು ಮಕ್ಕಳ ಪೋಷಕರು ಹೋಗಿ, ಆ ಹಿರಿಯ ಮಾಸ್ತರರು ವಾರಕ್ಕೆ ಎರಡು ದಿನವಾದರೂ ಈ ಮಕ್ಕಳಿಗೆ ಪಾಠ ಮಾಡಲಿ ಎಂದು ಅರ್ಜಿ ಕೊಟ್ಟು ಬಂದಿದ್ದೇವೆ. ನಮ್ಮಲ್ಲಿ ಇಬ್ಬರು ಮುಸ್ಲಿಮರು, ಒಬ್ಬರು ಲಿಂಗಾಯತರು, ಇನ್ನಿಬ್ಬರು ದಲಿತರು. ಪಟ್ಟಿಯ ಕೊನೆಯ ಸಾಲಿನಲ್ಲಿ ಎಲ್ಲರಿಗೂ ಜಾಗವಿರುತ್ತದೆ. ಉತ್ತರ ಇನ್ನೂ ಬಂದಿಲ್ಲ.

ಒಂದು ಜನಾಂಗ ಇನ್ನೊಂದು ಜನಾಂಗವನ್ನು ಹೀಯಾಳಿಸಬಾರದು, ಹೀಯಾಳಿಕೆಗೆ ಗುರಿಯಾದವರೇ ಮೇಲಾಗಿರಬಹುದು ಎಂಬ ಎಚ್ಚರಿಕೆ ಸೂರಾ ಹುಜುರಾತ್‌ನಲ್ಲಿದೆ. ಇದನ್ನು ನಾವು ಜುಮಾ ಭಾಷಣಗಳಲ್ಲಿ ಬಹುಸಲ ಕೇಳಿದ್ದೇವೆ. ಸಾಮಾನ್ಯವಾಗಿ ಇದನ್ನು ಒಳ್ಳೆಯ ನಡತೆಯ ಪಾಠವೆಂದು ತಿಳಿಯುತ್ತೇವೆ. ಅದರಲ್ಲಿ ತಿಳಿವಳಿಕೆಯ ಪಾಠವೂ ಇದೆ ಎಂದು ನನಗೆ ಈಗ ತೋರುತ್ತದೆ. ಇನ್ನೊಬ್ಬನ ಬಲವೆಷ್ಟು ಎಂಬ ನಮ್ಮ ಲೆಕ್ಕ ಯಾವಾಗಲೂ ಅಪೂರ್ಣ. ಮೊಟ್ಟೆಯೊಳಗೆ ಸಿಕ್ಕಿಕೊಂಡಂತೆ ಕಾಣುವವನು ನಿಜವಾಗಿ ಸಿಕ್ಕಿಕೊಂಡಿದ್ದಾನೋ, ಸರಿಯಾದ ಕ್ಷಣಕ್ಕಾಗಿ ಕಾಯುತ್ತಿದ್ದಾನೋ ಹೊರಗಿನಿಂದ ತಿಳಿಯುವುದಿಲ್ಲ. ಪಟ್ಟಿ ಮಾಡುವವರು ಮಾಡಲಿ. ಆದರೆ ಅದನ್ನು ಪೆನ್ಸಿಲಿನಲ್ಲಿ ಬರೆಯಲಿ.