ರಾಯಲ್ಪಾಡಿನಲ್ಲಿ ಈದ್ ಬಿಸ್ಕತ್ತು

ಕೋಲಾರ ದಾಟಿ ಶ್ರೀನಿವಾಸಪುರದ ರಸ್ತೆ ಹಿಡಿದರೆ ಎರಡೂ ಬದಿಯಲ್ಲಿ ಮಾವಿನ ತೋಪುಗಳು ಎದುರಾಗುತ್ತವೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಿದು. ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಆದರೂ ಈ ಕೆಂಪು ಮಣ್ಣಿನಲ್ಲಿ ತೋತಾಪುರಿ, ಬಾದಾಮಿ, ಮಲ್ಲಿಕಾ, ನೀಲಂ ಎಲ್ಲವೂ ಬೆಳೆಯುತ್ತವೆ. ಶ್ರೀನಿವಾಸಪುರವನ್ನು ಮಾವಿನ ತವರು ಎಂದು ಕರೆಯುವುದು ಸುಮ್ಮನೆ ಅಲ್ಲ. ಅಲ್ಲಿಂದ ಆಂಧ್ರದ ಗಡಿಯತ್ತ ಸಾಗಿದರೆ ರಾಯಲ್ಪಾಡು. ಹೋಬಳಿ ಕೇಂದ್ರವಾದರೂ ಪುಟ್ಟ ಊರು. ಗಡಿಯಾಚೆ ಮದನಪಲ್ಲಿ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ನಮ್ಮವರ ಮನೆಗಳಲ್ಲಿ ದಖ್ಖನಿ ಉರ್ದು. ಐದು ವರ್ಷದ ಮಗುವೂ ಒಂದೇ ಮಾತಿನಲ್ಲಿ ಮೂರೂ ಭಾಷೆ ಬೆರೆಸುವುದನ್ನು ಕೇಳಲು ಚೆಂದ.

2025ರ ರಮಝಾನಿನ ಕೊನೆಯ ವಾರದಲ್ಲಿ ನಾನು ಅಲ್ಲಿಗೆ ಹೋದದ್ದು ನಮ್ಮ ಆಪಾ, ಅಂದರೆ ನನ್ನ ಪತಿಯ ಅಕ್ಕನ ಮನೆಗೆ. ಮರಗಳಲ್ಲಿ ಕಾಯಿ ಇನ್ನೂ ನಿಂಬೆ ಗಾತ್ರದಲ್ಲಿತ್ತು. ಪ್ರತಿ ಬಾರಿಯ ಹಾಗೆ ಸಂಭ್ರಮದಿಂದ ಹೋದ ಪ್ರಯಾಣ ಅದಲ್ಲ. ಆ ವರ್ಷದ ಜನವರಿಯಲ್ಲಿ ಆಪಾರ ಮಗ ತೀರಿಕೊಂಡಿದ್ದ. ಟೆಂಪೋದಲ್ಲಿ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುತ್ತಿದ್ದ ಗಟ್ಟಿಮುಟ್ಟಾದ ಹುಡುಗ. ಸೊಸೆ ಇದ್ದತ್‌ನಲ್ಲಿದ್ದಳು. ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು. ತಮ್ಮ ತಂದೆ ಕರೆಯುತ್ತಿದ್ದ ಹಾಗೆಯೇ ಅವರೂ ನನ್ನನ್ನು ಮುಮಾನಿ ಎನ್ನುತ್ತಾರೆ.

ಬಯಲುಸೀಮೆಯ ನಮ್ಮ ಮನೆಗಳಲ್ಲಿ ಈದ್ ಬಿಸ್ಕತ್ತಿನ ಪದ್ಧತಿ ನಿಮಗೂ ಗೊತ್ತಿರಬಹುದು. ಶೀರ್ ಖುರ್ಮಾ ಹಬ್ಬದ ಬೆಳಗಿನದ್ದು, ಬಿಸ್ಕತ್ತು ಅದಕ್ಕೆ ನಾಲ್ಕು ದಿನ ಮೊದಲಿನದ್ದು. ಮೈದಾ, ಸಕ್ಕರೆ, ಡಾಲ್ಡಾ, ಮೊಟ್ಟೆ ಎಲ್ಲವನ್ನೂ ಅಳೆದು ಬೇಕರಿಗೆ ಒಯ್ದರೆ ಅವರು ಕಲಸಿ, ಸೌದೆ ಭಟ್ಟಿಯಲ್ಲಿ ಸುಟ್ಟುಕೊಡುತ್ತಾರೆ. ಕೂಲಿ ಮಾತ್ರ ನಮ್ಮದು. ರಾತ್ರಿ ತರಾವೀಹ್ ಮುಗಿದ ಮೇಲೆ ಬೇಕರಿಯ ಮುಂದೆ ತಗಡಿನ ಡಬ್ಬಗಳ ಸಾಲು. ಈ ಮನೆಯ ಡಬ್ಬಗಳನ್ನು ಪ್ರತಿ ವರ್ಷ ಟೆಂಪೋದಲ್ಲಿ ಶ್ರೀನಿವಾಸಪುರಕ್ಕೆ ಒಯ್ಯುತ್ತಿದ್ದವನು ಆ ಮಗನೇ. ಈಗ ಒಯ್ಯುವವರಿಲ್ಲ.

ಒಯ್ಯಬೇಕೇ ಎಂಬ ಪ್ರಶ್ನೆಯೂ ಇತ್ತು. ಸಾವಿನ ನಂತರದ ಮೊದಲ ಈದ್‌ನಲ್ಲಿ ಒಲೆಯ ಮೇಲೆ ಸಿಹಿ ಇಡಬಾರದೆಂದು ನೆಂಟರೊಬ್ಬರು ಹೇಳಿಹೋಗಿದ್ದರು. ಆಪಾ ಹೆಚ್ಚು ಮಾತಿನವರಲ್ಲ. "ಇದ್ದತ್ ಇರುವುದು ಸೊಸೆಗೆ. ಮಕ್ಕಳಿಗೂ ಇದ್ದತ್ ಇದೆಯೇನಮ್ಮ?" ಎಂದಷ್ಟೇ ಕೇಳಿದರು. ಅವರ ಮಾತು ಸರಿಯೇ. ಪತಿಗಾಗಿ ನಾಲ್ಕು ತಿಂಗಳು ಹತ್ತು ದಿನ, ಉಳಿದವರಿಗಾಗಿ ಮೂರು ದಿನ, ಶೋಕಕ್ಕೆ ಧರ್ಮ ಹಾಕಿಕೊಟ್ಟ ಗಡುವು ಇಷ್ಟೇ. ಇದ್ದತ್‌ನಲ್ಲಿ ಶೃಂಗಾರವಿಲ್ಲ ನಿಜ, ಅಡುಗೆ ಮಾಡಬೇಡ ಎಂದು ಎಲ್ಲಿಯೂ ಇಲ್ಲ. ಉಳಿದದ್ದೆಲ್ಲ ನಾವು ಸೇರಿಸಿಕೊಂಡದ್ದು.

ಹಾಗಾಗಿ ಬಿಸ್ಕತ್ತು ಮನೆಯಲ್ಲೇ ಆಯಿತು. ಓವನ್ ಇಲ್ಲ. ಆಪಾ ಅಟ್ಟದಿಂದ ದಪ್ಪ ತಳದ ಹಳೆಯ ದೇಗ್ಚಿ ಇಳಿಸಿದರು. ತಳದಲ್ಲಿ ಎರಡು ಬೆರಳು ದಪ್ಪ ಮರಳು, ಅದರ ಮೇಲೊಂದು ಬಟ್ಟಲು ಬೋರಲಾಗಿ, ಬಟ್ಟಲ ಮೇಲೆ ತಟ್ಟೆ, ಬಾಯಿಗೆ ಬಿಗಿಯಾದ ಮುಚ್ಚಳ. ಮುಚ್ಚಳದ ಮೇಲೆ ನಿಗಿನಿಗಿ ಕೆಂಡ. ಕೆಳಗಿನ ಉರಿಯ ಬಿಸಿಯನ್ನು ಮರಳು ಸಮನಾಗಿ ಹಂಚುತ್ತದೆ, ಮೇಲಿನ ಕೆಂಡ ಬಣ್ಣ ಕೊಡುತ್ತದೆ. ಪಟ್ಟಣದಲ್ಲಿರುವವರು ಗ್ಯಾಸ್‌ಕೆಟ್, ಸೀಟಿ ತೆಗೆದ ಕುಕ್ಕರಿನಲ್ಲಿ ಇದನ್ನೇ ಮಾಡಬಹುದು, ನೀರು ಮಾತ್ರ ಹಾಕಬಾರದು. ಕೆಂಡದ ಕೆಲಸ ಆಪಾರದ್ದು, ಮಕ್ಕಳು ಹತ್ತಿರ ಬರುವಂತಿಲ್ಲ.

ಅಳತೆ ಸುಲಭ. ಒಂದು ಲೋಟ ಮೈದಾ, ಕಾಲು ಲೋಟ ಕಡಲೆ ಹಿಟ್ಟು, ಎರಡು ಚಮಚ ಚಿರೋಟಿ ರವೆ, ಅರ್ಧ ಲೋಟ ತುಪ್ಪ, ಅರ್ಧ ಲೋಟ ಪುಡಿ ಸಕ್ಕರೆ, ಏಲಕ್ಕಿ, ಚಿಟಿಕೆ ಸೋಡಾ, ಚಿಟಿಕೆ ಉಪ್ಪು. ಆಪಾ ಇನ್ನೊಂದು ಪಾಲಿನಲ್ಲಿ ಅರ್ಧ ಮೈದಾ ತೆಗೆದು ರಾಗಿ ಹಿಟ್ಟು ಹಾಕಿದರು. ಕೋಲಾರದ ಮನೆಯಲ್ಲಿ ರಾಗಿಗೆ ಕೊರತೆಯೇ? ನನಗಂತೂ ಅದೇ ಹೆಚ್ಚು ರುಚಿಸಿತು. ಡಾಲ್ಡಾ ಬೇಡವೆಂದು ನಾನೇ ಹೇಳಿದ್ದೆ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದೆಂದು 2022ರಿಂದ ನಮ್ಮ ದೇಶದಲ್ಲಿ ನಿಯಮವಿದೆ, ಹಾಗಿದ್ದರೂ ಹಾಲು ಕರೆಯುವ ಮನೆಯಲ್ಲಿ ಬೆಣ್ಣೆ ಕಾಯಿಸಿದ ತುಪ್ಪವಿರುವಾಗ ಡಬ್ಬದ ಕೊಬ್ಬು ಯಾಕೆ?

ತುಪ್ಪ, ಸಕ್ಕರೆಯನ್ನು ಬಿಳಿಚುವ ತನಕ ಅಂಗೈಯಲ್ಲಿ ಉಜ್ಜುವ ಕೆಲಸ ಹುಡುಗನಿಗೆ ಸಿಕ್ಕಿತು. ಹಟ ಹಿಡಿದು ರೋಝಾ ಇಟ್ಟಿದ್ದ. ದೊಡ್ಡವರೆಲ್ಲ ಉಪವಾಸ, ಹಾಗಾಗಿ ರುಚಿ ನೋಡುವ ಅಧಿಕಾರ ಪೂರ್ತಿ ಪುಟ್ಟಿಯದ್ದು. "ಸಿಹಿ ಸಾಲದು" ಎಂದು ಅವಳು ನಾಲ್ಕು ಸಲ ತೀರ್ಪು ಕೊಟ್ಟಳು!

ಹಿಟ್ಟು ಸೇರಿಸಿದ ಮೇಲೆ ಹುಡುಗ ರೊಟ್ಟಿ ಹಿಟ್ಟಿನ ಹಾಗೆ ನಾದತೊಡಗಿದ. ಸೊಸೆ ಅಷ್ಟು ಹೊತ್ತು ಒಳಕೋಣೆಯ ಬಾಗಿಲಿಗೆ ಒರಗಿ ಕುಳಿತಿದ್ದಳು. ನಾನು ಬಂದು ಎರಡು ದಿನವಾದರೂ ಅವಳ ದನಿ ಕೇಳಿರಲಿಲ್ಲ. "ಹಾಗಲ್ಲ ಬೇಟಾ, ನಾದಿದರೆ ಗಟ್ಟಿಯಾಗುತ್ತದೆ, ಸುಮ್ಮನೆ ಕೂಡಿಸಬೇಕು" ಎಂದು ಎದ್ದು ಬಂದಳು. ಮಗನ ಕೈಮೇಲೆ ಕೈಯಿಟ್ಟು ಉಂಡೆ ಕಟ್ಟಿಸಿದಳು. ಆಮೇಲೆ ಆ ಕೆಲಸವನ್ನು ಅವಳು ಬಿಡಲಿಲ್ಲ, ನಾವೂ ಬಿಡಿಸಲಿಲ್ಲ. ಉಂಡೆಯನ್ನು ಚಪ್ಪಟೆ ಮಾಡಿ ನಡುವೆ ಬೆರಳೊತ್ತಿ ಚಿರೋಂಜಿ ಇಡುವುದು ಪುಟ್ಟಿಯ ಪಾಲು. ಸುಮಾರು ಇಪ್ಪತ್ತು ನಿಮಿಷದಲ್ಲಿ ಒಂದು ತಟ್ಟೆ. ಬಿಸಿಯಿರುವಾಗ ಮೆತ್ತಗೇ ಇರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಕರಿಯಾಗುತ್ತದೆ. ಆರಿದ ಮೇಲೆಯೇ ಗರಿಗರಿ.

ನಾನ್‌ಖತಾಯಿ ಸೂರತ್ತಿನಲ್ಲಿ ಡಚ್ಚರ ಬೇಕರಿಯಿಂದ ಹುಟ್ಟಿತೆಂದು ಹೇಳುತ್ತಾರೆ. 'ನಾನ್' ಅಂದರೆ ಪಾರ್ಸಿಯಲ್ಲಿ ರೊಟ್ಟಿ. ಈಜಿಪ್ಟಿನ ಮನೆಗಳಲ್ಲೂ ಈದ್‌ಗೆ ಮುನ್ನ ಹೆಂಗಸರು, ಮಕ್ಕಳು ಸೇರಿ ಕಹಕ್ ಎಂಬ ಬಿಸ್ಕತ್ತು ಮಾಡುತ್ತಾರೆ. ಅರಬ್ ನಾಡುಗಳ ಮಅಮೂಲ್‌ನೊಳಗೆ ಖರ್ಜೂರದ ಹೂರಣ. ದೇಗ್ಚಿಯ ಮುಂದೆ ಕಾಯುತ್ತ ಇದನ್ನೆಲ್ಲ ಹೇಳಿದಾಗ ಹುಡುಗನ ಪ್ರಶ್ನೆ ಒಂದೇ: "ಅಲ್ಲಿಯೂ ಡಬ್ಬ ಬೇಕರಿಗೆ ಒಯ್ಯುತ್ತಾರಾ?" ಕೈರೋದ ಓಣಿಗಳಲ್ಲಿ ಹೆಂಗಸರು ತಟ್ಟೆಗಳನ್ನು ಹೊತ್ತು ಬೇಕರಿಗೆ ಹೋಗುತ್ತಿದ್ದ ಕಾಲವಿತ್ತು ಎಂದಾಗ ಅವನಿಗೆ ಬಹಳ ಸಮಾಧಾನವಾಯಿತು.

ಆ ವರ್ಷ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಎರಡೂ ಅಮಾವಾಸ್ಯೆ ಕಳೆದ ಹೊಸ ಚಂದ್ರನ ಹಬ್ಬಗಳು. ಯುಗಾದಿಯ ಮಧ್ಯಾಹ್ನ ಪಕ್ಕದ ಮನೆಯ ತೆಲುಗಿನ ಅಕ್ಕ ಸೆರಗಿನಡಿ ತಟ್ಟೆ ಹಿಡಿದು ಬಂದರು. ಬಿಸಿ ಒಬ್ಬಟ್ಟು. "ಉಪವಾಸ ಬಿಟ್ಟ ಮೇಲೆ ತಿನ್ನಿ" ಎಂದು ಆಪಾರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತರು. ಇಫ್ತಾರ್ ಆದ ಮೇಲೆ ನಾವು ಮಹಡಿ ಹತ್ತಿದರೆ ಅವರ ಮನೆಯವರೂ ತಮ್ಮ ಮಹಡಿಯಲ್ಲಿ ಆಕಾಶ ನೋಡುತ್ತಿದ್ದರು. ಮೊದಲು ಕಂಡದ್ದು ಅವರ ಮೊಮ್ಮಗನಿಗೆ. ಅಲ್ಲಿಂದಲೇ ಕೂಗಿ ತೋರಿಸಿದ.

ತಟ್ಟೆಯನ್ನು ಖಾಲಿ ಹಿಂದಿರುಗಿಸುವ ರೂಢಿ ಆ ಬೀದಿಯಲ್ಲಿಲ್ಲ. ಈದ್ ನಮಾಝ್ ಮುಗಿಸಿ, ಖಬರ್‌ಸ್ತಾನಕ್ಕೂ ಹೋಗಿ ಬಂದ ಹುಡುಗ ತಾನೇ ತಟ್ಟೆಗಳನ್ನು ಜೋಡಿಸಿದ. ಒಂದರಲ್ಲಿ ಬಿಳಿಯದು, ರಾಗಿಯದು ಬೇರೆ ಬೇರೆಯಾಗಿ ಅಕ್ಕನ ಮನೆಗೆ. ಒಂದು ಮುಅಝ್ಝಿನ್‌ರಿಗೆ. ಒಂದು ಕೊನೆಯ ಮನೆಯ ಅಜ್ಜಿಗೆ, ಹಲ್ಲಿಲ್ಲವೆಂದು ಮೆತ್ತಗಿದ್ದುವನ್ನೇ ಆರಿಸಿದ. ಆಮೇಲೆ ಸಣ್ಣ ಡಬ್ಬವೊಂದರಲ್ಲಿ ಹತ್ತು ಎಣಿಸಿ ತುಂಬಿ, ಶ್ರೀನಿವಾಸಪುರಕ್ಕೆ ಹೋಗುವವರು ಯಾರಿದ್ದಾರೆಂದು ವಿಚಾರಿಸತೊಡಗಿದ. ಯಾರಿಗೆ ಎಂದು ಕೇಳಿದೆ. "ಬೇಕರಿ ಚಾಚಾಗೆ. ಅಬ್ಬಾ ಪ್ರತಿ ವರ್ಷ ನಮ್ಮ ಡಬ್ಬದಿಂದ ಅವರಿಗೆ ಹತ್ತು ತೆಗೆದು ಕೊಡುತ್ತಿದ್ದರು" ಎಂದ.

ಅದು ನಮಗಾರಿಗೂ ಗೊತ್ತಿರಲಿಲ್ಲ. ಅವನ ತಾಯಿಗೂ.